ಸಿಡಿಲು ಮತ್ತು ನಿಂತ ನೆಲ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಗುಡುಗುಮೋಡಗಳ ವಿದ್ಯುತ್ ಕ್ಷೇತ್ರವೂ ಜನಪದ ತಿಳಿವಳಿಕೆಯೂ

ಕನ್ನಡ ಜಾನಪದ ಅಧ್ಯಯನದಲ್ಲಿ ಮಳೆಗೆ ದೊರೆತಿರುವ ಸ್ಥಾನ ಸಿಡಿಲಿಗೆ ದೊರೆತಿಲ್ಲ. ಮಳೆ ನಕ್ಷತ್ರಗಳ ಲೆಕ್ಕ, ಗುರ್ಜಿ ಪೂಜೆ, ಕಪ್ಪೆಯ ಮದುವೆ, ಮಳೆರಾಯನ ಹಾಡುಗಳು ವಿಪುಲವಾಗಿ ಸಂಗ್ರಹಗೊಂಡಿವೆ. ಸಿಡಿಲಾದರೋ ನಂಬಿಕೆಗಳ ಪಟ್ಟಿಯಲ್ಲಿ ಒಂದೆರಡು ಸಾಲು ಪಡೆದು ಹಿಂದೆ ಸರಿಯುತ್ತದೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಳೆ ಇಡೀ ಊರಿಗೆ ಬರುತ್ತದೆ. ಅದರ ಸುತ್ತ ಆಚರಣೆ ಬೆಳೆಯುತ್ತದೆ. ಸಿಡಿಲು ಒಂದು ಹೊಲಕ್ಕೆ, ಒಂದು ಮನೆಗೆ ಬರುತ್ತದೆ. ಅದರ ಸುತ್ತ ಉಳಿಯುವುದು ದುಃಖ, ಹೆಚ್ಚೆಂದರೆ ಒಂದು ಅಪವಾದ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರದ ವರದಿಯಂತೆ 2022ರಲ್ಲಿ ಭಾರತದಲ್ಲಿ ಪ್ರಕೃತಿ ವಿಕೋಪಗಳಿಂದ ಸತ್ತ 8,060 ಜನರಲ್ಲಿ 2,887 ಮಂದಿ ಸಿಡಿಲಿನಿಂದ ಸತ್ತವರು. ನೆರೆ, ಬಿಸಿಗಾಳಿ, ಚಳಿಗಳು ಪ್ರತ್ಯೇಕವಾಗಿ ತೆಗೆದುಕೊಂಡಷ್ಟು ಜೀವಗಳಿಗಿಂತ ಇದು ಹೆಚ್ಚು.

ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಈ ವಿಚಾರಕ್ಕೆ ತಕ್ಕ ಕ್ಷೇತ್ರ. ಭೀಮಾ ನದಿಯೂ ಆಳಂದದ ಕಡೆಯಿಂದ ಹರಿದು ಗಾಣಗಾಪುರದ ಬಳಿ ಅದನ್ನು ಕೂಡುವ ಅಮರ್ಜಾ ನದಿಯೂ ಈ ಸೀಮೆಯ ಜಲರೇಖೆಗಳು. ಉಳಿದದ್ದು ಬಹುಮಟ್ಟಿಗೆ ಎರೆಭೂಮಿ, ನಡುನಡುವೆ ಮರಡಿ. ತೊಗರಿ, ಜೋಳ, ಹತ್ತಿಯ ಈ ಬಯಲಿನಲ್ಲಿ ಸಿಡಿಲಿಗೆ ಎರಡು ಸುಗ್ಗಿಗಳುಂಟು. ಒಂದು, ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಿಂದ ರೋಹಿಣಿ, ಮಿರಗದವರೆಗಿನ ಕಾಲ. ಇನ್ನೊಂದು, ಮುಂಗಾರು ಮರಳುವ ಸೆಪ್ಟೆಂಬರ್-ಅಕ್ಟೋಬರ್. ಮೊದಲನೆಯದರಲ್ಲಿ ಹೊಲ ಬರಿದಾಗಿರುತ್ತದೆ, ಹರಗುವವರೂ ಕುರಿ ಮೇಯಿಸುವವರೂ ಬಯಲಿನಲ್ಲಿರುತ್ತಾರೆ. ಎರಡನೆಯದರಲ್ಲಿ ಕಳೆ, ರಾಶಿ, ಬಿತ್ತನೆಯ ಕೆಲಸಕ್ಕೆ ಹೆಣ್ಣಾಳುಗಳು ಗುಂಪಾಗಿ ಹೊಲದಲ್ಲಿರುತ್ತಾರೆ. ಎರಡೂ ಕಾಲದಲ್ಲಿ ಗುಡುಗುಮೋಡ ಕವಿಯುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಜನ ಮನೆಗೆ ಹೊರಡುವ ಮುನ್ನ. ಮಳೆ ಬಂದೊಡನೆ ಕಣ್ಣಿಗೆ ಬೀಳುವ ಆಸರೆ ಬದುವಿನ ಮೇಲಿನ ಒಂಟಿ ಬೇವಿನ ಗಿಡ.

ಆ ಗಿಡದ ಕೆಳಗೆ ನಿಂತವನಿಗೆ ಏನಾಗುತ್ತಿದೆ ಎಂಬುದನ್ನು ತಿಳಿಯಲು ಭೌತವಿಜ್ಞಾನದ ಒಂದು ಪ್ರಾಥಮಿಕ ಲೆಕ್ಕ ಸಾಕು. ಹಲವು ಬಿಂದು ಆವೇಶಗಳು ಒಂದು ಸ್ಥಳದಲ್ಲಿ ಒಟ್ಟಾಗಿ ಉಂಟುಮಾಡುವ ವಿದ್ಯುತ್ ಕ್ಷೇತ್ರವನ್ನು ಕಂಡುಹಿಡಿಯುವ ಲೆಕ್ಕವದು. ಪದವಿಪೂರ್ವ ತರಗತಿಗಳಲ್ಲಿ ಕಾಗದದ ಮೇಲಿನ ಚುಕ್ಕಿಗಳಿಗೆ ಸೀಮಿತವಾಗಿರುವ ಈ ಲೆಕ್ಕವನ್ನು ಅಫಜಲಪುರದ ಆಕಾಶಕ್ಕೆ ಅನ್ವಯಿಸಿದಾಗ ಸಿಡಿಲನ್ನು ಕುರಿತ ಜನಪದ ಮಾತುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ತಕ್ಕಮಟ್ಟಿಗೆ ಸ್ಪಷ್ಟವಾಗುತ್ತದೆ.

ಲೆಕ್ಕದ ಸ್ವರೂಪ

ಫ್ರಾನ್ಸಿನ ಕೂಲಾಂ 1785ರಲ್ಲಿ ತೋರಿಸಿಕೊಟ್ಟ ನಿಯಮ ಇದರ ತಳಹದಿ. ಎರಡು ಆವೇಶಗಳ ನಡುವಣ ಬಲವು ಆವೇಶಗಳ ಗುಣಲಬ್ಧಕ್ಕೆ ತಕ್ಕಂತೆ ಹೆಚ್ಚುತ್ತದೆ, ದೂರದ ವರ್ಗಕ್ಕೆ ತಕ್ಕಂತೆ ತಗ್ಗುತ್ತದೆ. ದೂರ ಇಮ್ಮಡಿಯಾದರೆ ಬಲ ಕಾಲುಭಾಗವಾಗುತ್ತದೆ. ಒಂದು ಸ್ಥಳದಲ್ಲಿ ಒಂದು ಮಾನದ ಧನ ಆವೇಶವನ್ನು ಇಟ್ಟರೆ ಅದರ ಮೇಲೆ ಎಷ್ಟು ಬಲ, ಯಾವ ದಿಕ್ಕಿಗೆ ಬೀಳುವುದೋ ಅದೇ ಆ ಸ್ಥಳದ ವಿದ್ಯುತ್ ಕ್ಷೇತ್ರ. ಆವೇಶ ಕ್ಯೂ ಕೂಲಾಂ, ದೂರ ಆರ್ ಮೀಟರ್ ಆಗಿದ್ದರೆ ಕ್ಷೇತ್ರದ ಪ್ರಮಾಣ 900 ಕೋಟಿಯನ್ನು ಕ್ಯೂದಿಂದ ಗುಣಿಸಿ ಆರ್‌ನ ವರ್ಗದಿಂದ ಭಾಗಿಸಿದಷ್ಟು. ಇದರ ಮಾನ ಮೀಟರಿಗೆ ಇಷ್ಟು ವೋಲ್ಟ್. ಧನ ಆವೇಶದ ಕ್ಷೇತ್ರ ಅದರಿಂದ ಹೊರಮುಖವಾಗಿಯೂ ಋಣ ಆವೇಶದ ಕ್ಷೇತ್ರ ಅದರ ಕಡೆಗೂ ಇರುತ್ತದೆ.

ಆವೇಶಗಳು ಹಲವಾದಾಗ ಏನಾಗುತ್ತದೆ? ತೇರಿನ ಮಿಣಿ ಎಳೆಯುವವರನ್ನು ನೆನೆಯಬಹುದು. ಪ್ರತಿಯೊಬ್ಬನೂ ತನ್ನ ಶಕ್ತಿಯಷ್ಟು, ತಾನು ನಿಂತ ಕಡೆಗೆ ಎಳೆಯುತ್ತಾನೆ. ಪಕ್ಕದವನು ಇದ್ದಾನೆಂದು ಅವನ ಎಳೆತ ಹೆಚ್ಚುವುದೂ ಇಲ್ಲ, ತಗ್ಗುವುದೂ ಇಲ್ಲ. ಎಡಬಲದ ಎಳೆತಗಳು ಒಂದನ್ನೊಂದು ಕಳೆದು ಉಳಿದದ್ದರ ಕಡೆಗೆ ತೇರು ಸಾಗುತ್ತದೆ. ವಿದ್ಯುತ್ ಕ್ಷೇತ್ರದಲ್ಲೂ ಹೀಗೆಯೇ: ಪ್ರತಿ ಆವೇಶದ ಕ್ಷೇತ್ರವನ್ನು ಉಳಿದವು ಇಲ್ಲವೇ ಇಲ್ಲವೆಂಬಂತೆ ಬೇರೆಬೇರೆಯಾಗಿ ಕಂಡುಹಿಡಿದು, ಅನಂತರ ದಿಕ್ಕನ್ನು ಗಮನದಲ್ಲಿಟ್ಟು ಕೂಡಿಸಬೇಕು. ಇದನ್ನು ಅಧ್ಯಾರೋಪಣ ತತ್ತ್ವವೆನ್ನುತ್ತಾರೆ. ಬರೀ ಅಂಕಿಗಳನ್ನು ಕೂಡಿಸಿದರೆ ತಪ್ಪಾಗುತ್ತದೆ. ಪ್ರತಿಯೊಂದು ಕ್ಷೇತ್ರವನ್ನೂ ಲಂಬ ಮತ್ತು ಅಡ್ಡ ಎಂಬ ಎರಡು ಭಾಗಗಳಾಗಿ ಒಡೆದು, ಲಂಬವನ್ನು ಲಂಬದೊಡನೆ, ಅಡ್ಡವನ್ನು ಅಡ್ಡದೊಡನೆ ಕೂಡಿಸಿ, ಕೊನೆಯಲ್ಲಿ ಎರಡನ್ನೂ ಒಂದುಗೂಡಿಸುವುದು ಕ್ರಮ.

ಗುಡುಗುಮೋಡದ ವಿಷಯದಲ್ಲಿ ಒಂದು ಸೌಕರ್ಯವಿದೆ. ನೆಲ, ವಿಶೇಷವಾಗಿ ತೊಯ್ದ ಎರೆನೆಲ, ವಿದ್ಯುತ್ತನ್ನು ಸಾಗಿಸುತ್ತದೆ. ಮೇಲೆ ಋಣ ಆವೇಶವಿದ್ದರೆ ಕೆಳಗೆ ನೆಲದ ಮೇಲ್ಮೈಗೆ ಧನ ಆವೇಶ ಬಂದು ನೆರೆಯುತ್ತದೆ. ಹೀಗೆ ನೆರೆದ ಆವೇಶದ ಪ್ರಭಾವವನ್ನು, ಮೋಡದ ಆವೇಶ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳದಲ್ಲಿ ವಿರುದ್ಧ ಜಾತಿಯ ಒಂದು ಬಿಂಬಾವೇಶ ಇದೆಯೆಂದು ಭಾವಿಸಿ ಲೆಕ್ಕಹಾಕಬಹುದು. ಬಾವಿಯ ನೀರಿನಲ್ಲಿ ಗಿಡದ ನೆರಳು ತಲೆಕೆಳಗಾಗಿ ಕಾಣುವಂತೆ. 1840ರ ದಶಕದಲ್ಲಿ ವಿಲಿಯಂ ಥಾಮ್ಸನ್ ರೂಪಿಸಿದ ಉಪಾಯವಿದು. ಇದರಿಂದ ನೆಲದ ಮೇಲೆ ಅಡ್ಡ ಭಾಗಗಳು ಪೂರ್ತಿ ಕಳೆದುಹೋಗುತ್ತವೆ, ಲಂಬ ಭಾಗ ಇಮ್ಮಡಿಯಾಗುತ್ತದೆ. ಕೂಡಿಸುವ ಕೆಲಸ ಮೇಲೆ-ಕೆಳಗೆ ಎಂಬ ಎರಡೇ ದಿಕ್ಕಿಗೆ ಇಳಿಯುತ್ತದೆ.

ಮೋಡದ ಮೂರು ಕಣಜ

ಮೋಡದಲ್ಲಿ ಆವೇಶಗಳು ಎಲ್ಲೆಲ್ಲಿವೆ ಎಂಬುದು ಬಹುಕಾಲ ವಿವಾದದ ವಿಷಯವಾಗಿತ್ತು. ಈ ವಿವಾದದ ಒಂದು ಎಳೆ ಭಾರತಕ್ಕೆ ಸೇರಿದ್ದು. 1906ರಲ್ಲಿ ಭಾರತೀಯ ಹವಾಮಾನ ಇಲಾಖೆಯನ್ನು ಸೇರಿದ ಜಾರ್ಜ್ ಸಿಂಪ್ಸನ್ ಸಿಮ್ಲಾದಲ್ಲಿ ಮಳೆಹನಿಗಳ ಆವೇಶವನ್ನು ಅಳೆದು, ಗುಡುಗುಮಳೆಯ ಹನಿಗಳು ಹೆಚ್ಚಾಗಿ ಧನ ಆವೇಶವನ್ನು ತರುತ್ತವೆಂದು ಕಂಡನು. ಆದುದರಿಂದ ಮೋಡದ ತಳದಲ್ಲಿ ಧನ ಆವೇಶವಿದೆಯೆಂದು ವಾದಿಸಿದನು. ಇಂಗ್ಲೆಂಡಿನಲ್ಲಿ ಸಿ.ಟಿ.ಆರ್. ವಿಲ್ಸನ್ ದೂರದ ಗುಡುಗುಮೋಡಗಳಿಂದಾಗುವ ಕ್ಷೇತ್ರದ ಏರುಪೇರನ್ನು ಅಳೆದು ಮೇಲೆ ಧನ, ಕೆಳಗೆ ಋಣ ಎಂಬ ನಿರ್ಣಯಕ್ಕೆ ಬಂದನು. 1930ರ ಹೊತ್ತಿಗೆ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಎಸ್.ಕೆ. ಬ್ಯಾನರ್ಜಿ ನೆತ್ತಿಯ ಮೇಲೆ ಹಾಯುವ ಗುಡುಗುಮೋಡಗಳ ಕ್ಷೇತ್ರವನ್ನು ಅಳೆದರು. ಕೊನೆಗೆ ಸಿಂಪ್ಸನ್ ಮತ್ತು ಸ್ಕ್ರೇಸ್ ಬಲೂನುಗಳನ್ನು ಮೋಡದೊಳಕ್ಕೆ ಕಳುಹಿಸಿ 1937ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಇಬ್ಬರ ಮಾತಿನಲ್ಲೂ ಹುರುಳಿದೆಯೆಂದು ತೋರಿಸಿದವು. ಮೇಲ್ಗಡೆ ಧನ, ನಡುವೆ ಋಣ, ತಳದಲ್ಲಿ ಚಿಕ್ಕದಾದ ಇನ್ನೊಂದು ಧನ, ಹೀಗೆ ಮೂರು ಕಣಜಗಳು.

ಒಂದೇ ಕಥೆಯ ಎರಡು ಪಾಠಗಳನ್ನು ಎರಡು ಊರಿನಲ್ಲಿ ಸಂಗ್ರಹಿಸಿದವರಿಗೆ ಈ ವಿವಾದ ಅಪರಿಚಿತವೆನಿಸದು. ನಿಂತ ನೆಲ ಬೇರೆಯಾದಾಗ ಕಂಡದ್ದೂ ಬೇರೆಯಾಯಿತು. ಹೀಗೇಕೆ ಆಗುತ್ತದೆಂಬುದನ್ನು ಅಂಕಿಗಳಲ್ಲೇ ನೋಡಬಹುದು.

ಗ್ರಂಥಗಳಲ್ಲಿ ಮಾದರಿಯಾಗಿ ಕೊಡುವ ಒಂದು ಮೋಡವನ್ನು ಅಫಜಲಪುರದ ಮೇಲೆ ನಿಲ್ಲಿಸಿದೆವೆಂದು ಭಾವಿಸೋಣ. ನೆಲದಿಂದ 12 ಕಿ.ಮೀ. ಎತ್ತರದಲ್ಲಿ 40 ಕೂಲಾಂ ಧನ, 7 ಕಿ.ಮೀ. ಎತ್ತರದಲ್ಲಿ 40 ಕೂಲಾಂ ಋಣ, 2 ಕಿ.ಮೀ. ಎತ್ತರದಲ್ಲಿ 3 ಕೂಲಾಂ ಧನ. ನಿಜವಾದ ಮೋಡದಲ್ಲಿ ಆವೇಶವು ಚುಕ್ಕಿಯಂತಿರದೆ ಹಲವು ಕಿಲೋಮೀಟರ್ ಹರಡಿರುತ್ತದೆ. ದೂರದಿಂದ ನೋಡುವಾಗ ಚುಕ್ಕಿಯೆಂದು ಎಣಿಸಿದರೆ ದೊಡ್ಡ ತಪ್ಪಾಗದು.

ಮೋಡದ ನೇರ ಕೆಳಗೆ ನಿಂತವನ ಕಾಲಬುಡದಲ್ಲಿ ಮೇಲಿನ ಧನ ಕಣಜವು ಬಿಂಬಸಹಿತವಾಗಿ ಮೀಟರಿಗೆ 5,000 ವೋಲ್ಟಿನಷ್ಟು ಕ್ಷೇತ್ರವನ್ನು ಕೆಳಮುಖವಾಗಿ ಉಂಟುಮಾಡುತ್ತದೆ. ನಡುವಿನ ಋಣ ಕಣಜ ಸುಮಾರು 14,700 ವೋಲ್ಟಿನಷ್ಟನ್ನು ಮೇಲ್ಮುಖವಾಗಿ ಉಂಟುಮಾಡುತ್ತದೆ. ತಳದ ಧನ ಕಣಜದಲ್ಲಿರುವುದು ಮೂರೇ ಕೂಲಾಂ. ಆದರೂ ಅದು ಹತ್ತಿರದಲ್ಲಿರುವುದರಿಂದ 13,500 ವೋಲ್ಟಿನಷ್ಟನ್ನು ಕೆಳಮುಖವಾಗಿ ಕೊಡುತ್ತದೆ. ಕೂಡಿಸಿ ಕಳೆದರೆ ಉಳಿಯುವುದು ಮೀಟರಿಗೆ ಸುಮಾರು 3,800 ವೋಲ್ಟ್, ಕೆಳಮುಖ. ಮೂವತ್ತಮೂರು ಸಾವಿರ ವೋಲ್ಟುಗಳ ಎಳೆದಾಟದಲ್ಲಿ ಹೊರಗೆ ತೋರುವುದು ಇಷ್ಟೇ.

ಇನ್ನು ಅಲ್ಲಿಂದ 5 ಕಿ.ಮೀ. ಸರಿದ ಹೊಲ. ಮೇಲಿನ ಕಣಜಕ್ಕೆ ಎತ್ತರ 12, ಅಡ್ಡದೂರ 5. ಆದುದರಿಂದ ಓರೆದೂರ 13 ಕಿ.ಮೀ. ಕ್ಷೇತ್ರದ ಲಂಬ ಭಾಗವನ್ನು ಪಡೆಯಲು ಎತ್ತರವನ್ನು ಓರೆದೂರದಿಂದ ಭಾಗಿಸಿ ಗುಣಿಸಬೇಕು. ಹೀಗೆ ಮಾಡಿದಾಗ ಮೇಲಿನದು ಸುಮಾರು 3,930 ಕೆಳಮುಖ, ನಡುವಿನದು 7,920 ಮೇಲ್ಮುಖ, ತಳದ್ದು 690 ಕೆಳಮುಖ. ಒಟ್ಟು ಸುಮಾರು 3,300 ವೋಲ್ಟ್, ಈ ಸಲ ಮೇಲ್ಮುಖ. ದಿಕ್ಕು ತಿರುಗಿತು. ತಳದ ಚಿಕ್ಕ ಕಣಜ ಓರೆಯಾದೊಡನೆ ತನ್ನ ಬಲವನ್ನೆಲ್ಲ ಕಳೆದುಕೊಂಡದ್ದೇ ಇದಕ್ಕೆ ಕಾರಣ.

20 ಕಿ.ಮೀ. ದೂರದಲ್ಲಿ ಮೇಲಿನದು 680, ನಡುವಿನದು 530, ತಳದ್ದು 13. ಒಟ್ಟು ಸುಮಾರು 160 ವೋಲ್ಟ್, ಮತ್ತೆ ಕೆಳಮುಖ. ದೂರ ಹೋದಂತೆ ಎತ್ತರದಲ್ಲಿರುವ ಕಣಜವೇ ಮೇಲುಗೈ ಪಡೆಯುತ್ತದೆ. ಹೀಗೆ ಮೋಡದ ಬುಡದಿಂದ ಹೊರಟವನು ಎರಡು ಕಡೆ ಕ್ಷೇತ್ರ ಸೊನ್ನೆಯಾಗುವ ತಾಣಗಳನ್ನು ದಾಟುತ್ತಾನೆ. ಮೊದಲನೆಯದು ಒಂದು ಕಿ.ಮೀ.ಗಿಂತ ತುಸು ಆಚೆ, ಎರಡನೆಯದು ಸುಮಾರು 12.5 ಕಿ.ಮೀ.ಯಲ್ಲಿ. ಸಿಮ್ಲಾದ ನೆತ್ತಿಯ ಮೋಡಕ್ಕೂ ವಿಲ್ಸನ್ನನ ದೂರದ ಮೋಡಕ್ಕೂ ಇದ್ದ ಜಗಳ ಈ ಸೊನ್ನೆಯ ಗೆರೆಗಳ ಎರಡು ಬದಿಯ ಜಗಳ.

ಅಫಜಲಪುರದಿಂದ ಆಳಂದಕ್ಕೂ ಜೇವರ್ಗಿಗೂ ನೇರ ಗೆರೆಯಲ್ಲಿ ಸುಮಾರು 45-50 ಕಿ.ಮೀ. ಅಷ್ಟು ದೂರದಿಂದ ರಾತ್ರಿಯಲ್ಲಿ ಮಿಂಚು ಕಾಣುತ್ತದೆ, ಗುಡುಗು ಕೇಳಿಸದು. ಇದೇ ಮೋಡ ಆಳಂದದ ನೆಲದಲ್ಲಿ ಉಂಟುಮಾಡುವುದು ಮೀಟರಿಗೆ ಮೂವತ್ತು ಚಿಲ್ಲರೆ ವೋಲ್ಟ್ ಮಾತ್ರ. ಮೋಡವಿಲ್ಲದ ತಿಳಿ ಹಗಲಿನಲ್ಲೂ ನೆಲದ ಮೇಲೆ ಸುಮಾರು 100ರಿಂದ 130 ವೋಲ್ಟಿನ ಕೆಳಮುಖ ಕ್ಷೇತ್ರ ಇದ್ದೇ ಇರುತ್ತದೆ. ಮೂರೂ ತಾಲೂಕುಗಳ ಮೇಲೆ ಒಂದೊಂದು ಮೋಡ ಎದ್ದು, ನಡುವಣ ಒಂದು ಹೊಲ ಮೂರಕ್ಕೂ 30 ಕಿ.ಮೀ. ದೂರದಲ್ಲಿದ್ದರೆ, ಬಿಂಬಗಳೂ ಸೇರಿ ಹದಿನೆಂಟು ಆವೇಶಗಳ ಲೆಕ್ಕವಾಗುತ್ತದೆ. ಪ್ರತಿ ಮೋಡದಿಂದ 88ರಂತೆ ಒಟ್ಟು ಸುಮಾರು 264 ವೋಲ್ಟ್. ಮೂರು ದಿಕ್ಕಿಗೂ ಮಿಂಚು ಆಡುವ ಇಂಥ ಸಂಜೆಯಲ್ಲಿ ನಡುವಿನ ಹೊಲದವನಿಗೆ ತಿಳಿ ಹಗಲಿನ ಎರಡು ಮೂರು ಪಟ್ಟು ಕ್ಷೇತ್ರವಿರುತ್ತದೆ; ಅವನ ಮೈಗೆ ಅದು ತಿಳಿಯುವುದೇ ಇಲ್ಲ.

ಸೊನ್ನೆಯ ಗೆರೆಯ ಮೋಸ

ಈ ಲೆಕ್ಕದಿಂದ ಹೊರಡುವ ಅತಿಮುಖ್ಯ ಸಂಗತಿ ಇದು: ಒಂದು ಸ್ಥಳದಲ್ಲಿ ಒಟ್ಟು ಕ್ಷೇತ್ರ ಸೊನ್ನೆಯೆಂದರೆ ಅಲ್ಲಿ ಅಪಾಯವೂ ಸೊನ್ನೆಯೆಂದಲ್ಲ. ಬಲವಾದ ಎಳೆತಗಳು ಆ ಕ್ಷಣಕ್ಕೆ ಸಮನಾಗಿವೆ, ಅಷ್ಟೆ. ಒಂದು ಎಳೆತ ತಪ್ಪಿದರೆ ಸಮತೋಲ ಕೆಡುತ್ತದೆ. ಒಂದು ಮಿಂಚು ನಡುವಿನ ಕಣಜದಿಂದ 20 ಕೂಲಾಂ ಋಣ ಆವೇಶವನ್ನು ನೆಲಕ್ಕೆ ಇಳಿಸಿತೆನ್ನೋಣ. 5 ಕಿ.ಮೀ. ದೂರದ ಹೊಲದಲ್ಲಿ 3,300ರಷ್ಟಿದ್ದ ಮೇಲ್ಮುಖ ಕ್ಷೇತ್ರ ಅರೆಗಳಿಗೆಯೊಳಗೆ ಸುಮಾರು 670ರ ಕೆಳಮುಖ ಕ್ಷೇತ್ರವಾಗಿ ತಿರುಗುತ್ತದೆ. ಮೋಡದ ನೇರ ಕೆಳಗಿನ 3,800 ಒಮ್ಮೆಗೇ 11,000 ಮೀರುತ್ತದೆ. ವಾಸ್ತವದಲ್ಲಿ ಹುಲ್ಲಿನ ತುದಿ, ಎಲೆಯ ಮೊನೆಗಳಿಂದ ಆವೇಶ ಸೋರಿ ನೆಲದ ಬಳಿಯ ಕ್ಷೇತ್ರ ಇದಕ್ಕಿಂತ ಕಡಿಮೆಯಾಗುವುದುಂಟು. ಬದಲಾವಣೆಯ ಹಠಾತ್ತನ ಮಾತ್ರ ಉಳಿಯುತ್ತದೆ.

ಕೂದಲು ನಿಮಿರುವುದು, ಮೈ ಜುಮ್ಮೆನ್ನುವುದು ಸಿಡಿಲಿನ ಮುನ್ಸೂಚನೆಯೆಂಬ ಮಾತು ಎಲ್ಲೆಡೆ ಇದೆ. ಮಾತು ನಿಜ. ಆದರೆ ಅದರ ತಿರುವುಮುರುವು ನಿಜವಲ್ಲ: ಮೈ ಜುಮ್ಮೆನ್ನದಿದ್ದರೆ ಸಿಡಿಲು ಬೀಳದೆಂದು ಭಾವಿಸುವಂತಿಲ್ಲ. ಮಿಂಚು ಮೋಡದ ಅಂಚಿನಿಂದ ಹೊರಟು ಹತ್ತು ಕಿಲೋಮೀಟರಿಗೂ ಮಿಕ್ಕಿ ದೂರದ, ಮಳೆಯೇ ಇಲ್ಲದ ನೆಲಕ್ಕೆ ಬೀಳುವುದುಂಟು. ಮೇಲೆ ಹೇಳಿದ 12.5 ಕಿ.ಮೀ.ಯ ಸೊನ್ನೆಯ ಗೆರೆ ಈ ಹರವಿನಲ್ಲಿಯೇ ಬರುತ್ತದೆಂಬುದು ಗಮನಾರ್ಹ. ಮಳೆ ನಿಂತಿತು, ಮೋಡ ಸರಿಯಿತು ಎಂದು ಹೊಲಕ್ಕೆ ಮರಳುವವರು ಸಾಯುವುದು ಇದರಿಂದಲೇ. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ತಾಸು ಕಾಯಬೇಕೆಂಬ ಇಂದಿನ ಸೂಚನೆಗೆ ಈ ಅಂತರವೇ ಆಧಾರ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ.ಯಂತೆ ದೂರ ಅಳೆಯುವ ಕ್ರಮ ಸರಿಯಾದುದೇ. ಆದರೆ ಅದು ಬಿದ್ದ ಸಿಡಿಲಿನ ದೂರವನ್ನು ಹೇಳುತ್ತದೆ, ಬೀಳಲಿರುವುದರ ದೂರವನ್ನಲ್ಲ.

ಕೊನೆಯ ನೂರು ಮೀಟರ್

ಮೋಡದ ಕ್ಷೇತ್ರ ನೆಲದ ಬಳಿ ಕೆಲವು ಸಾವಿರ ವೋಲ್ಟ್. ಗಾಳಿ ಸೀಳಲು ಬೇಕಾದುದು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್. ಹಾಗಿದ್ದರೆ ಬೇವಿನ ಗಿಡಕ್ಕೆ ಸಿಡಿಲು ಬೀಳುವುದು ಹೇಗೆ? ಸಿಡಿಲು ಹುಟ್ಟುವುದು ಮೋಡದೊಳಗೆ. ಅಲ್ಲಿಂದ ಆವೇಶ ತುಂಬಿದ ಒಂದು ಸೀಳುದಾರಿ ಹಂತಹಂತವಾಗಿ ಕೆಳಗಿಳಿಯುತ್ತದೆ. ಅದರ ತುದಿಯ ಬಳಿ ಕೂಲಾಂನ ಹತ್ತನೆಯ ಒಂದು ಪಾಲು ಆವೇಶ ಮಾತ್ರವಿದ್ದು, ಅದು ನೆಲದಿಂದ 100 ಮೀಟರ್ ಎತ್ತರಕ್ಕೆ ಬಂದಿದೆಯೆಂದು ಭಾವಿಸಿದರೂ ಕೆಳಗಿನ ಕ್ಷೇತ್ರ ಮೀಟರಿಗೆ 1,80,000 ವೋಲ್ಟ್ ಆಗುತ್ತದೆ. ಏಳು ಕಿ.ಮೀ. ಮೇಲಿನ 40 ಕೂಲಾಂ ಮಾಡಲಾಗದ ಕೆಲಸವನ್ನು ಹತ್ತಿರದ ಅಲ್ಪ ಆವೇಶ ಹನ್ನೆರಡು ಪಟ್ಟು ಬಲವಾಗಿ ಮಾಡುತ್ತದೆ. ದೂರದ ವರ್ಗದಿಂದ ಭಾಗಿಸುವ ನಿಯಮದ ಕ್ರೌರ್ಯವೆಲ್ಲ ಇಲ್ಲಿದೆ.

ಇದಕ್ಕೆ ನೆಲದ ಆಕಾರವೂ ಸೇರುತ್ತದೆ. ಸಮತಟ್ಟಾದ ನೆಲದ ಮೇಲೆ ಅರ್ಧಗೋಳದಂಥ ಒಂದು ದಿಬ್ಬವಿದ್ದರೆ ಅದರ ನೆತ್ತಿಯಲ್ಲಿ ಕ್ಷೇತ್ರ ಸರಿಯಾಗಿ ಮೂರು ಪಟ್ಟಾಗುತ್ತದೆ. ಮೊನೆ ಚೂಪಾದಷ್ಟೂ ಎತ್ತರ ಹೆಚ್ಚಿದಷ್ಟೂ ಈ ಪಟ್ಟು ಬೆಳೆಯುತ್ತದೆ. ಗಿಡದ ತುದಿ, ಗುಡಿಯ ಕಳಸ, ಹೆಗಲ ಮೇಲೆ ನೆಟ್ಟಗೆ ಹಿಡಿದ ಕೋಲು, ತಲೆಯ ಮೇಲಿನ ಕೊಡೆ, ಇವುಗಳಿಂದ ಮೇಲ್ಮುಖವಾಗಿ ಒಂದು ಕಿಡಿದಾರಿ ಎದ್ದು ಇಳಿಯುತ್ತಿರುವ ಸೀಳುದಾರಿಯನ್ನು ಸಂಧಿಸುತ್ತದೆ. ಎರೆಹೊಲದ ಬಯಲಿನಲ್ಲಿ ಎದ್ದು ನಿಂತ ಮನುಷ್ಯನೇ ದಿಬ್ಬ. ಗಿಡದ ಕೆಳಗೆ ನಿಂತವನು ತಾನು ಎತ್ತರದವನಲ್ಲವೆಂದು ನೆಮ್ಮದಿಪಡುವಂತಿಲ್ಲ. ಗಿಡಕ್ಕೆ ಬಿದ್ದ ಸಿಡಿಲು ಕಾಂಡಕ್ಕಿಂತ ಉತ್ತಮ ವಾಹಕವಾದ ಮನುಷ್ಯದೇಹಕ್ಕೆ ಪಕ್ಕದಿಂದ ಹಾರುತ್ತದೆ.

ಹಾರದಿದ್ದರೂ ನೆಲದಲ್ಲಿ ಅಪಾಯವಿದೆ. ಕುರಿಹಿಂಡುಗಳ ಸಾವಿಗೆ ಇದೇ ಮುಖ್ಯ ಕಾರಣವಾದುದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಸಿಡಿಲು ಗಿಡದ ಬುಡದಲ್ಲಿ ನೆಲಹೊಕ್ಕು ಎಲ್ಲ ಕಡೆಗೂ ಹರಡುತ್ತದೆ. ಆಗ ನೆಲದಲ್ಲಿ ಉಂಟಾಗುವ ಕ್ಷೇತ್ರವೂ ಬುಡದಿಂದಿರುವ ದೂರದ ವರ್ಗಕ್ಕೆ ತಕ್ಕಂತೆ ತಗ್ಗುತ್ತದೆ. ಅಂದರೆ ಬುಡವೇ ಒಂದು ಬಿಂದು ಆವೇಶದಂತೆ ವರ್ತಿಸುತ್ತದೆ. ತೊಯ್ದ ಮಣ್ಣಿನ ನಿರೋಧಕತೆಯನ್ನು 50 ಓಂ-ಮೀಟರ್ ಎಂದೂ ಸಿಡಿಲಿನ ಪ್ರವಾಹವನ್ನು 30,000 ಆಂಪಿಯರ್ ಎಂದೂ ಹಿಡಿದರೆ, ಬುಡದಿಂದ 10 ಮೀಟರ್ ದೂರದಲ್ಲಿ ಮೀಟರಿಗೆ ಸುಮಾರು 2,400 ವೋಲ್ಟ್. ಅಲ್ಲಿ ಗಿಡಕ್ಕೆ ಮುಖಮಾಡಿ ಹಿಂದೆಮುಂದೆ ಅರ್ಧ ಮೀಟರ್ ಕಾಲು ಅಗಲಿಸಿ ನಿಂತವನ ಎರಡು ಪಾದಗಳ ನಡುವೆ ಸುಮಾರು 1,100 ವೋಲ್ಟ್. ಪಾದಗಳನ್ನು ಜೋಡಿಸಿದರೆ ಅದು 200 ಚಿಲ್ಲರೆಗೆ ಇಳಿಯುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಎತ್ತಿಗಾದರೆ 3,000 ವೋಲ್ಟ್ ಮೀರುತ್ತದೆ. ಮನುಷ್ಯನಲ್ಲಿ ಪ್ರವಾಹ ಬಹುಮಟ್ಟಿಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾಯುತ್ತದೆ. ದನಕುರಿಗಳಲ್ಲಿ ಎದೆಯನ್ನೇ ದಾಟುತ್ತದೆ. ಒಂದೇ ಗಿಡದ ಕೆಳಗೆ ದನ ಸತ್ತು ದನಗಾಹಿ ಉಳಿದ ಪ್ರಸಂಗಗಳಿಗೆ ದೈವಕೃಪೆಯ ವಿವರಣೆ ಸುಲಭವಾಗಿ ದೊರೆಯುತ್ತದೆ. ಅದರ ಹಿಂದೆ ಈ ಅಂತರದ ಲೆಕ್ಕವೂ ಇದೆ. ಮರಡಿಯಲ್ಲಿ, ಕಲ್ಲು ನೆಲದಲ್ಲಿ ನಿರೋಧಕತೆ ಹಲವು ಪಟ್ಟು ಹೆಚ್ಚು. ಆದುದರಿಂದ ಈ ಅಂಕಿಗಳೂ ಹಲವು ಪಟ್ಟು ಬೆಳೆಯುತ್ತವೆ.

ಜನಪದ ಮಾತುಗಳ ತೂಕ

ಗಿಡದ ಕೆಳಗೆ ನಿಲ್ಲಬೇಡವೆಂಬ ಹಿರಿಯರ ಮಾತು ಮೇಲಿನ ಎಲ್ಲ ಲೆಕ್ಕಗಳಲ್ಲೂ ನಿಲ್ಲುತ್ತದೆ. ಆದರೂ ಅದನ್ನು ಪಾಲಿಸುವವರು ಕಡಿಮೆ. ಮಳೆಯ ಹೊಡೆತ ಎದುರಿಗಿರುತ್ತದೆ, ಸಿಡಿಲು ಊಹೆಯಲ್ಲಿರುತ್ತದೆ. ಕಂಬಳಿಯ ಕೊಪ್ಪೆ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂಡುವ ಕುರುಬರ ಭಂಗಿಯಲ್ಲಿ ಎರಡು ಒಳ್ಳೆಯ ಅಂಶಗಳಿವೆ: ಎತ್ತರ ತಗ್ಗುತ್ತದೆ, ಪಾದಗಳು ಕೂಡುತ್ತವೆ. ಕಂಬಳಿಗೆ ಮಾತ್ರ ಸಿಡಿಲು ತಡೆಯುವ ಗುಣವಿಲ್ಲ. ಈ ಭಂಗಿಯೂ ಅಪಾಯವನ್ನು ತಗ್ಗಿಸುವುದೇ ಹೊರತು ಇಲ್ಲವಾಗಿಸದು. ಗೋಡೆ-ಮಾಳಿಗೆಯುಳ್ಳ ಮನೆ, ಮುಚ್ಚಿದ ಬಸ್ಸು ಅಥವಾ ಕಾರು ಇವೇ ನಿಜವಾದ ಆಸರೆ. ಹೊಲದಲ್ಲಿ ನಾಲ್ಕು ಕಂಬದ ಮೇಲೆ ಹೊದಿಸಿದ ತಗಡಿನ ನೆರಳು ಆಸರೆಯಲ್ಲ.

ಆಲಿಕಲ್ಲು, ಗುಡುಗುಗಳ ಹೊತ್ತಿಗೆ ಕುಡುಗೋಲನ್ನೋ ಕಬ್ಬಿಣದ ಬೇರೆ ಸಾಮಾನನ್ನೋ ಅಂಗಳಕ್ಕೆ ಎಸೆಯುವ ರೂಢಿ ಕರ್ನಾಟಕದ ಹಲವೆಡೆ ಇದೆ. ಕಬ್ಬಿಣ ಸಿಡಿಲನ್ನು ಸೆಳೆಯುತ್ತದೆಂಬ ಭಾವನೆ ಇದರ ಹಿಂದಿದೆ. ನೆಲದ ಮೇಲೆ ಬಿದ್ದಿರುವ ಕುಡುಗೋಲು ಸುತ್ತಲಿನ ಕ್ಷೇತ್ರವನ್ನು ಲೆಕ್ಕಕ್ಕೆ ಬರುವಷ್ಟು ಬದಲಿಸದು. ಸಿಡಿಲಿನ ಆಯ್ಕೆ ಲೋಹಕ್ಕಿಂತ ಎತ್ತರ ಮತ್ತು ಮೊನೆಯನ್ನು ಅವಲಂಬಿಸಿದೆ. ವಿಜಯಪುರದ ಗೋಲಗುಮ್ಮಟದ ದಕ್ಷಿಣ ದ್ವಾರದ ಬಳಿ ಸರಪಳಿಯಲ್ಲಿ ತೂಗುಹಾಕಿರುವ ‘ಬಿಜ್ಲಿ ಪತ್ಥರ್’ ಕಟ್ಟಡವನ್ನು ಸಿಡಿಲಿನಿಂದ ಕಾಯುತ್ತದೆಂಬ ನಂಬಿಕೆಯನ್ನೂ ಇದೇ ಸಾಲಿಗೆ ಸೇರಿಸಬಹುದು. ಉಲ್ಕಾಶಿಲೆಯೆನ್ನಲಾಗುವ ಆ ಕಲ್ಲು ಸಿಡಿಲಿನಂತೆ ಆಕಾಶದಿಂದ ಬಂದುದೆಂಬ ಸಾಮ್ಯ ಇಲ್ಲಿ ಕೆಲಸ ಮಾಡಿದೆ. ಹತ್ತಿರದ ಬಲ್ಲವನಿಗೆ ಹತ್ತಿರದವನೇ ಮದ್ದು ಎಂಬ ತರ್ಕ. ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳುವ ವಾಡಿಕೆ ಭಯ ಕಳೆಯುವುದಕ್ಕೆ ಮೀಸಲಾದುದು, ಅದನ್ನು ಕ್ಷೇತ್ರದ ಅಂಕಿಯಿಂದ ಅಳೆಯುವುದು ಸಲ್ಲದು.

ಅಳೆಯಲೇಬೇಕಾದ ಒಂದು ನಂಬಿಕೆ ಮಾತ್ರ ಉಂಟು. ಗಡಿಯಾಚೆ ಮರಾಠಿಯಲ್ಲಿ ‘ಪಾಯಾಳೂ’ ಎಂದು ಕರೆಯುವ, ಕಾಲು ಮುಂದಾಗಿ ಹುಟ್ಟಿದ ವ್ಯಕ್ತಿಗೆ ಸಿಡಿಲು ಎರಗುತ್ತದೆಂಬ ಮಾತದು. ಆಳಂದ, ಅಫಜಲಪುರಗಳು ಸೊಲ್ಲಾಪುರ, ಅಕ್ಕಲಕೋಟೆಗಳೊಡನೆ ಕೊಡುಕೊಳೆಯುಳ್ಳ ತಾಲೂಕುಗಳು, ನಂಬಿಕೆಗಳಿಗೆ ಗಡಿಯಿಲ್ಲ. ಹುಟ್ಟಿದ ಬಗೆ ದೇಹದ ಆವೇಶವನ್ನಾಗಲಿ ಎತ್ತರವನ್ನಾಗಲಿ ಬದಲಿಸುವುದಿಲ್ಲ. ಮೇಲಿನ ಲೆಕ್ಕದ ಯಾವ ಪದದಲ್ಲೂ ಅದಕ್ಕೆ ಸ್ಥಾನವಿಲ್ಲ. ಇಂಥ ನಂಬಿಕೆಯ ಪರಿಣಾಮವೆಂದರೆ, ಸತ್ತವನ ಸಾವಿಗೆ ಅವನ ಹುಟ್ಟೇ ಹೊಣೆಯಾಗಿಬಿಡುತ್ತದೆ. ಬದುವಿನ ಮೇಲಿನ ಒಂಟಿ ಗಿಡ ವಿಚಾರಣೆಯಿಂದ ಪಾರಾಗುತ್ತದೆ, ಮುಂದಿನ ಮಳೆಗೆ ಇನ್ನೊಬ್ಬರು ಅದರ ಕೆಳಗೆ ಬಂದು ನಿಲ್ಲುತ್ತಾರೆ. ನಂಬಿಕೆಗಳನ್ನು ದಾಖಲಿಸುವಾಗ ತೀರ್ಪು ಕೊಡಬಾರದೆಂಬ ಜಾನಪದ ಶಾಸ್ತ್ರದ ಶಿಸ್ತು ಒಳ್ಳೆಯದೇ. ಜೀವದ ಪ್ರಶ್ನೆ ಬಂದಲ್ಲಿ ಆ ಶಿಸ್ತನ್ನು ಸಡಿಲಿಸುವುದು ತಪ್ಪಾಗಲಾರದು.

ತಿರುಗು ಲೆಕ್ಕ

ಇದುವರೆಗೆ ನೋಡಿದ್ದು ಆವೇಶಗಳು ಗೊತ್ತಿದ್ದು ಕ್ಷೇತ್ರವನ್ನು ಕಂಡುಹಿಡಿಯುವ ಲೆಕ್ಕ. ನಿಜಜೀವನದಲ್ಲಿ ಬೇಕಾಗುವುದು ಇದರ ತಿರುಗು ಲೆಕ್ಕ: ಕ್ಷೇತ್ರವನ್ನು ಅಳೆದು ಆವೇಶ ಎಲ್ಲಿದೆ, ಎಷ್ಟಿದೆ ಎಂದು ತಿಳಿಯುವುದು. ಒಂದೇ ಸ್ಥಳದ ಅಳತೆಯಿಂದ ಇದು ಸಾಧ್ಯವಿಲ್ಲವೆಂಬುದು ಸೊನ್ನೆಯ ಗೆರೆಗಳಿಂದಲೇ ಸ್ಪಷ್ಟ. ಒಂದು ಮಿಂಚು ಖಾಲಿ ಮಾಡಿದ ಬಿಂದು ಆವೇಶವನ್ನು ಗುರುತಿಸಲು ನಾಲ್ಕು ಅಂಶಗಳು ಬೇಕು: ಪೂರ್ವಪಶ್ಚಿಮದ ಸ್ಥಾನ, ಉತ್ತರದಕ್ಷಿಣದ ಸ್ಥಾನ, ಎತ್ತರ ಮತ್ತು ಆವೇಶದ ಪ್ರಮಾಣ. ಆದುದರಿಂದ ಕಡಿಮೆಯೆಂದರೆ ನಾಲ್ಕು ಕಡೆ ಏಕಕಾಲದ ಅಳತೆ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಮತ್ತು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳ ಹಿಂದಿರುವ ಸಂವೇದಕಗಳು ಕೆಲಸ ಮಾಡುವ ಬಗೆ ತುಸು ಬೇರೆ. ಅವು ಮಿಂಚಿನಿಂದ ಹೊಮ್ಮುವ ರೇಡಿಯೋ ಅಲೆಗಳು ಹಲವು ಕೇಂದ್ರಗಳನ್ನು ತಲಪುವ ಹೊತ್ತಿನ ಅಂತರದಿಂದ ಸ್ಥಾನವನ್ನು ಹೇಳುತ್ತವೆ. ಒಂದು ಮಿಂಚನ್ನು ಅರಿಯಲು ಹಲವು ನೆಲೆಗಳ ಸಾಕ್ಷ್ಯ ಬೇಕೆಂಬ ತತ್ತ್ವ ಎರಡಕ್ಕೂ ಸಮಾನ.

ಕ್ಷೇತ್ರಕಾರ್ಯಕ್ಕೂ ಇದನ್ನು ಅನ್ವಯಿಸಬಹುದು. ಸಿಡಿಲಿನ ಪ್ರಸಂಗವನ್ನು ಕುರಿತ ಹೇಳಿಕೆಗಳನ್ನು ಈಗಿರುವಂತೆ ಒಬ್ಬ ವಕ್ತೃವಿನಿಂದ, ‘ನಂಬಿಕೆಗಳು’ ಎಂಬ ಶೀರ್ಷಿಕೆಯಡಿ ಸಂಗ್ರಹಿಸಿದರೆ ಅದರಿಂದ ತಿಳಿಯುವುದು ಅಲ್ಪ. ಅದೇ ಸಂಜೆ ಬೇರೆಬೇರೆ ಹೊಲಗಳಲ್ಲಿದ್ದ ನಾಲ್ಕಾರು ಜನರಿಂದ ಹೇಳಿಕೆ ಪಡೆಯಬೇಕು. ಸಿಡಿಲು ಬಿದ್ದ ಗಿಡ ಯಾವುದು, ಅದರಿಂದ ಹೇಳುವವರು ಎಷ್ಟು ಮಾರು ದೂರದಲ್ಲಿದ್ದರು, ನಿಂತಿದ್ದರೋ ಕುಳಿತಿದ್ದರೋ, ಮಳೆ ಸುರಿಯುತ್ತಿತ್ತೋ ನಿಂತಿತ್ತೋ, ನೆಲ ಎರೆಯೋ ಮರಡಿಯೋ, ದನಗಳು ಗಿಡಕ್ಕೆ ಮುಖಮಾಡಿದ್ದವೋ ಅಡ್ಡ ನಿಂತಿದ್ದವೋ, ಅವುಗಳಲ್ಲಿ ಸತ್ತವು ಯಾವುವು, ಉಳಿದವು ಯಾವುವು ಎಂಬುದನ್ನು ಹೇಳಿಕೆಯ ಜೊತೆಗೇ ಬರೆದಿಡಬೇಕು. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವುದರಿಂದ ಭೌತವಿಜ್ಞಾನದವರೂ ಜಾನಪದದವರೂ ಇಂಥ ದಾಖಲೆಯನ್ನು ಒಂದೇ ಮೇಜಿನ ಮೇಲೆ ಬಿಡಿಸಿಡುವುದಕ್ಕೆ ದೂರ ಹೋಗಬೇಕಾಗಿಲ್ಲ.